ಮನೆಯಿಂದ ಮೂವತ್ತಡಿ ದೂರದಲ್ಲಿ

ದಕ್ಷಿಣ ಕನ್ನಡದ ಘಟ್ಟದ ಬುಡದ ಗ್ರಾಮಗಳಲ್ಲಿ ಹಳೆಯ ಮನೆಗಳನ್ನು ಕಂಡವರಿಗೆ ಒಂದು ಸಂಗತಿ ಹೊಳೆಯದೆ ಇರಲಾರದು. ವಾಸದ ಮನೆ ಒಂದು ಕಡೆ. ಅಂಗಳ ದಾಟಿ ಹಟ್ಟಿ ಇನ್ನೊಂದು ಕಡೆ. ಘಟ್ಟದ ಮೇಲಿನವರು ಕೊಟ್ಟಿಗೆಯೆನ್ನುವುದನ್ನೇ ನಮ್ಮವರು ಹಟ್ಟಿಯೆನ್ನುವರು. ಜಡಿಮಳೆಯಲ್ಲಿ ಹಾಲು ಕರೆಯಲು ಕೊಡೆ ಹಿಡಿದುಕೊಂಡೇ ಹೋಗಬೇಕಾದರೂ ಹಿರಿಯರು ಅದನ್ನು ಮನೆಯ ಗೋಡೆಗೆ ತಗಲಿಸಿ ಕಟ್ಟಲಿಲ್ಲ. ಹುಲ್ಲು ಬೆಂಕಿಗೆ ಬೇಗ ಒಲಿಯುವ ವಸ್ತು, ಸೆಗಣಿ ನೊಣಗಳಿಗೆ ಪ್ರಿಯವಾದ ವಸ್ತು. ಎರಡಕ್ಕೂ ಮನೆಗೂ ಮೂವತ್ತು ಅಡಿಯ ಅಂತರವಿರಲಿ ಎಂಬುದು ಅವರ ಲೆಕ್ಕ. ಹಟ್ಟಿಯಿಂದ ದನಗಳು ಹೋದ ಮೇಲೆ ನಮ್ಮಂಥವರು ಆ ಲೆಕ್ಕವನ್ನು ಮರೆತೆವು. ಹುಲ್ಲಿಗಿಂತ ನೂರ್ಮಡಿ ಅಪಾಯಕರವಾದ ಪದಾರ್ಥಗಳನ್ನು ತಂದು ಬಚ್ಚಲುಮನೆಯ ಪಕ್ಕದ ಉಗ್ರಾಣದಲ್ಲಿ ಇಟ್ಟುಕೊಂಡೆವು.

ನಮ್ಮ ಮನೆಯಲ್ಲಿ ಕೊನೆಯ ಹಸುವನ್ನು ೨೦೧೪ರಲ್ಲಿ ಬಂಧುಗಳಿಗೆ ಕೊಟ್ಟೆವು. ಹಟ್ಟಿಯ ಮಾಡು ಎರಡು ಮಳೆಗಾಲ ಸೋರಿ ಮೂರನೆಯದಕ್ಕೆ ಒಂದು ಮೂಲೆಯಲ್ಲಿ ಕುಸಿಯಿತು. ಅಷ್ಟರಲ್ಲಿ ಮನೆಗೆ ಬಂದು ಸೇರಿದ ಸಾಮಾನುಗಳನ್ನು ಎಣಿಸಿದರೆ ವಾಚಕರಿಗೆ ನಗೆ ಬಂದೀತು. ಆದರೆ ತೋಟವುಳ್ಳ ಯಾವ ಗೃಹಸ್ಥನ ಮನೆಯೂ ಇದಕ್ಕಿಂತ ಭಿನ್ನವಾಗಿರಲಾರದು. ಹುಲ್ಲು ಕತ್ತರಿಸುವ ಯಂತ್ರ, ಅದಕ್ಕೆ ಬೇಕಾದ ಪೆಟ್ರೋಲು, ಔಷಧಿ ಸಿಂಪಡಿಸುವ ಪಂಪು, ಮೈಲುತುತ್ತ, ಸುಣ್ಣ, ಏಣಿಗಳು, ಬಣ್ಣದ ಡಬ್ಬಿಗಳು, ಅಜ್ಜನ ಕಾಲದ ಉಳಿ ಬಾಚಿಗಳು, ಮುರಿದ ಕುರ್ಚಿಗಳು, ಎಂದಾದರೂ ಬೇಕಾದೀತೆಂದು ಕೂಡಿಟ್ಟ ಕಬ್ಬಿಣದ ತುಂಡುಗಳು. ಕಾರು ಮಾತ್ರ ಹೊರಗೆ ಹಲಸಿನ ಮರದ ಅಡಿಯಲ್ಲಿ ನಿಲ್ಲುತ್ತಿತ್ತು. ಹಲಸಿನ ಹಣ್ಣು ಬೀಳುವ ತಿಂಗಳುಗಳಲ್ಲಿ ಅದನ್ನು ನಿಲ್ಲಿಸುವ ಸ್ಥಳವನ್ನು ಮೇಲೆ ನೋಡಿಯೇ ನಿಶ್ಚಯಿಸಬೇಕಾಗುತ್ತಿತ್ತು.

೨೦೧೭ರ ಜುಲಾಯಿಯ ಒಂದು ಸಂಜೆ ಬಚ್ಚಲೊಲೆಗೆ ಬೆಂಕಿ ಹಾಕಲು ಹೊರಟ ನಮ್ಮ ತಾಯಿಯವರು ಬಾಗಿಲಲ್ಲೇ ನಿಂತು, “ಏನೋ ವಾಸನೆ” ಎಂದರು. ನಾವು ಹೋಗಿ ನೋಡಿದಾಗ, ಎಣ್ಣೆ ತಂದ ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಟ್ಟಿದ್ದ ಪೆಟ್ರೋಲು ತಳದ ಸೀಳಿನಿಂದ ಜಿನುಗಿ ಉಗ್ರಾಣದ ನೆಲದಲ್ಲೆಲ್ಲ ಹರಡಿತ್ತು. ಬಚ್ಚಲಿನ ಹೊಸ್ತಿಲು ನಾಲ್ಕೇ ಮಾರು ದೂರದಲ್ಲಿತ್ತು.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ಅದು ಹೊಗೆಯಂತೆ ಮೇಲೇರಿ ಹೋಗದೆ ನೀರಿನಂತೆ ನೆಲವನ್ನು ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೂ ಸಾಕು, ಒಂದು ಕಿಡಿಗಾಗಿ ಕಾದಿರುತ್ತದೆ. ಸೀಮೆಎಣ್ಣೆ ಹೀಗಲ್ಲ, ಬೇಸಗೆಯ ಬಿಸಿಯೇರದೆ ಅದು ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡದು. ಪೆಟ್ರೋಲಾದರೋ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಆವಿ ಬಿಡುತ್ತಲೇ ಇರುತ್ತದೆ. ಸೀಮೆಎಣ್ಣೆಯೊಡನೆ ಮೂರು ತಲೆಮಾರು ಬಾಳಿದ ನಮ್ಮ ಮನೆಗಳು ಪೆಟ್ರೋಲನ್ನೂ ಅದರ ತಮ್ಮನೆಂದೇ ಭಾವಿಸಿ ಒಳಗೆ ಕರೆದುಕೊಂಡಿವೆ. ಅಂದು ಒಲೆಗೆ ಬೆಂಕಿ ಹಾಕಿರಲಿಲ್ಲ ಎಂಬುದೊಂದೇ ಕಾರಣದಿಂದ ಈ ಲೇಖನವನ್ನು ಬರೆಯಲು ನಾವು ಉಳಿದಿದ್ದೇವೆ. ದೀಪದ ಗುಂಡಿಯನ್ನೂ ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಒದ್ದೆಯಾದ ನೆಲಕ್ಕೆ ಮರಳು ಚೆಲ್ಲಿ ಬಳಿದು ಹೊರಗೆ ಹಾಕಿದೆವು. ಆ ರಾತ್ರಿ ಯಾರಿಗೂ ಬಿಸಿನೀರಿನ ಸ್ನಾನವಿಲ್ಲ. ಊಟವಾದ ಮೇಲೆ ತಾಯಿಯವರು, “ಹಟ್ಟಿಯನ್ನು ಪುನಃ ಕಟ್ಟಿಸಿ” ಎಂದು ಹೇಳಿ ಎದ್ದರು.

ಹೀಗೆ ಕಾರು, ಸಾಮಾನು, ಕೈಕೆಲಸ ಈ ಮೂರಕ್ಕೂ ಒದಗುವಂಥ ಒಂದು ಬೇರೆ ಕಟ್ಟಡವನ್ನು ಹಳೆಯ ಹಟ್ಟಿಯ ಜಾಗದಲ್ಲಿ ಎಬ್ಬಿಸುವುದೆಂದು ನಿಶ್ಚಯವಾಯಿತು. ಇದನ್ನು ಗ್ಯಾರೇಜೆಂದು ಕರೆಯುವುದು ವಾಡಿಕೆ. ನಮ್ಮ ಮನೆಯಲ್ಲಿ ಇಂದಿಗೂ ಹಟ್ಟಿಯೆಂದೇ ಕರೆಯುತ್ತೇವೆ.

ಜಾಗದ ವಿಚಾರದಲ್ಲಿ ಮೊದಲನೆಯ ತೊಡಕು ಕಾಣಿಸಿಕೊಂಡಿತು. ಹಟ್ಟಿಯಿದ್ದ ಸ್ಥಳವೆಂದರೆ ಗಟ್ಟಿನೆಲವೆಂದು ನಾವು ತಿಳಿದಿದ್ದೆವು. ಅಗೆದು ನೋಡಿದರೆ ಅರ್ಧಭಾಗ ಹಳೆಯ ಗೊಬ್ಬರದ ಗುಂಡಿ. ಕೊಳೆತ ಸೊಪ್ಪಿನಿಂದ ಕಪ್ಪಾದ ಮಣ್ಣು ಗಿಡಗಳಿಗೆ ಎಷ್ಟು ಹಿತವೋ ಗೋಡೆಗೆ ಅಷ್ಟು ಅಹಿತ. ವರ್ಷವರ್ಷವೂ ಕುಗ್ಗಿ ಕುಸಿಯುತ್ತಿರುತ್ತದೆ. ಮೇಸ್ತ್ರಿಯವರು ಕಟ್ಟಡವನ್ನೇ ಎಂಟು ಅಡಿ ಪೂರ್ವಕ್ಕೆ ಸರಿಸಿದರು. ಅಲ್ಲಿ ಎರಡೂವರೆ ಅಡಿ ಅಗೆಯುವಷ್ಟರಲ್ಲಿ ಗುದ್ದಲಿ ನಾಟದ ಕೆಂಪು ಜಲ್ಲಿಮಣ್ಣು ಸಿಕ್ಕಿತು. ಪಾಯಕ್ಕೆ ಕರಿಕಲ್ಲನ್ನೂ ಪಂಚಾಂಗದಿಂದ ಮೇಲಕ್ಕೆ ಕೆಂಪುಕಲ್ಲನ್ನೂ ಹಾಕಿಸಿದೆವು. ಗ್ರಾಮ ಪಂಚಾಯತಿಯಿಂದ ಪರವಾನಗಿ ಪಡೆಯುವುದು, ನೆರೆಯವರ ಗಡಿಯಿಂದ ಬಿಡಬೇಕಾದಷ್ಟು ಜಾಗ ಬಿಡುವುದು ಇವೆಲ್ಲ ಮೊದಲೇ ಆಗಿರತಕ್ಕ ಕೆಲಸಗಳು. ‘ಬರೇ ಶೆಡ್ಡು ತಾನೆ’ ಎಂದು ಅದನ್ನು ಉಪೇಕ್ಷಿಸಿ ಆಮೇಲೆ ತೊಂದರೆಪಟ್ಟವರನ್ನು ನಾವು ಬಲ್ಲೆವು.

ಕೆಂಪುಕಲ್ಲಿನ ವಿಷಯದಲ್ಲಿ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಮುರಕಲ್ಲೆಂದು ಹೆಸರಾದ ಈ ಶಿಲೆಯನ್ನು ೧೮೦೦-೦೧ರಲ್ಲಿ ಮೈಸೂರು, ಕನ್ನಡ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು ವರ್ಣಿಸಿದನು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಶಬ್ದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಆತನೇ ಹುಟ್ಟಿಸಿದನು. ಭೂಶಾಸ್ತ್ರದವರು ಇಂದಿಗೂ ಬಳಸುವ ಹೆಸರು ಅದೇ. ನೆಲದೊಳಗಿರುವಾಗ ಮೃದುವಾಗಿದ್ದು ಗಾಳಿ ಬಿಸಿಲು ಸೋಂಕಿದಂತೆ ಗಟ್ಟಿಯಾಗುವುದು ಇದರ ಗುಣ. ಆದುದರಿಂದ ಕೋರೆಯಿಂದ ಹಸಿಯಾಗಿ ಬಂದ ಕಲ್ಲನ್ನು ಆ ವಾರವೇ ಗೋಡೆಗೇರಿಸದೆ ಅಂಗಳದಲ್ಲಿ ಕೆಲಕಾಲ ಬಿಸಿಲಿಗೆ ಇಡುವುದು ಮೇಲು. ಕೋರೆಯಿಂದ ಕೋರೆಗೆ ಕಲ್ಲಿನ ಅಳತೆಯೂ ಜಾತಿಯೂ ಬೇರೆಯಾಗುವುದರಿಂದ ಒಂದು ಕಟ್ಟಡಕ್ಕೆ ಒಂದೇ ಕೋರೆಯ ಕಲ್ಲನ್ನು ತರಿಸತಕ್ಕದ್ದು. ಬಿಳಿಯ ಜೇಡಿ ತುಂಬಿದ ರಂಧ್ರಗಳು ಹೆಚ್ಚಾಗಿದ್ದರೆ ಅಂಥ ಕಲ್ಲನ್ನು ಹಿಂದಕ್ಕೆ ಕಳುಹಿಸಬೇಕು. ಮಳೆ ಹೊಡೆಯುವ ಮಗ್ಗುಲಿನಲ್ಲಂತೂ ಅದು ಬಾಳಲಾರದು.

ಅಳತೆಯನ್ನು ಗೊತ್ತುಮಾಡುವಾಗ ಬಹುಮಂದಿ ಕಾರನ್ನು ಅಳೆದು ಅದಕ್ಕೆ ನಾಲ್ಕಡಿ ಕೂಡಿಸಿ ತೃಪ್ತರಾಗುತ್ತಾರೆ. ನಾಲ್ಕು ಮೀಟರಿಗೆ ಮಿಕ್ಕದ ಕಾರುಗಳಿಗೆ ೨೦೦೬ರಲ್ಲಿ ಸುಂಕದ ರಿಯಾಯಿತಿ ದೊರೆತಂದಿನಿಂದ ನಮ್ಮ ದೇಶದ ಚಿಕ್ಕ ಕಾರುಗಳು ಆ ಉದ್ದದೊಳಗೇ ನಿಂತಿವೆ; ಎಂದರೆ ಸುಮಾರು ಹದಿಮೂರು ಅಡಿಯೊಳಗೆ. ಅಗಲ ಐದೂವರೆ ಅಡಿಯ ಸುಮಾರು. ಆದರೆ ಎರಡು ಬಾಗಿಲುಗಳನ್ನೂ ಪೂರ್ತಿ ತೆರೆದು, ವಯಸ್ಸಾದವರು ಗೋಡೆಗೆ ಸೆರಗು ಉಜ್ಜಿಕೊಳ್ಳದೆ ಇಳಿಯಬೇಕಾದರೆ ಹತ್ತಡಿಗೆ ಕಡಿಮೆ ಸಾಲದು. ನಾವು ಕಾರಿನ ಭಾಗಕ್ಕೆ ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದ ಇಟ್ಟುಕೊಂಡೆವು. ಕೈಕೆಲಸಕ್ಕೆ ಹತ್ತು ಅಡಿ, ಗೋಡೆಯಾಚೆ ಉಗ್ರಾಣಕ್ಕೆ ಆರು ಅಡಿ, ಒಟ್ಟು ಇಪ್ಪತ್ತೆಂಟು ಅಡಿಯ ಕಟ್ಟಡ. ಅಮೆರಿಕದ ಪಾಲೋ ಆಲ್ಟೋ ಊರಿನಲ್ಲಿ ಹ್ಯೂಲೆಟ್, ಪ್ಯಾಕರ್ಡ್ ಎಂಬಿಬ್ಬರು ತರುಣರು ೧೯೩೮ರಲ್ಲಿ ಬಾಡಿಗೆಮನೆಯ ಹಿಂದಣ ಗ್ಯಾರೇಜಿನಲ್ಲಿ ವಿದ್ಯುದುಪಕರಣಗಳನ್ನು ಮಾಡತೊಡಗಿ ಮುಂದೆ ಲೋಕಪ್ರಸಿದ್ಧವಾದ ಕಾರಖಾನೆಯನ್ನು ಸ್ಥಾಪಿಸಿದರಷ್ಟೆ. ಆ ಗ್ಯಾರೇಜಿನ ಅಳತೆಯೂ ಹನ್ನೆರಡಕ್ಕೆ ಹದಿನೆಂಟು ಅಡಿಯೇ ಎಂದು ಆಮೇಲೆ ಓದಿ ತಿಳಿದೆವು. ನಮ್ಮಲ್ಲಿ ಈವರೆಗೆ ಆಗಿರುವುದು ನಾಲ್ಕು ಮಣೆ, ಒಂದು ತೊಟ್ಟಿಲಿನ ದುರಸ್ತಿ.

ಮಾಡಿನ ವಿಷಯದಲ್ಲಿ ಮನೆಯೊಳಗೆ ಭಿನ್ನಾಭಿಪ್ರಾಯವಿತ್ತು. ತಗಡು ಹಾಕಿದರೆ ಒಂದು ವಾರದ ಕೆಲಸ, ಖರ್ಚೂ ಕಡಿಮೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ನಿಂತು ಕೆಲಸ ಮಾಡುವವನು ತಪಸ್ವಿಯೇ ಆಗಿರಬೇಕು. ಮಳೆಗಾಲದಲ್ಲಿ ಪಕ್ಕದವನ ಮಾತೂ ಕೇಳಿಸದು. ಕಲ್ನಾರಿನ ತಗಡನ್ನಂತೂ ಮೊದಲೇ ಬೇಡವೆಂದೆವು. ಅದನ್ನು ಕೊರೆಯುವಾಗ, ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ನಾಟಿ ವರ್ಷಗಳ ಮೇಲೆ ಅರ್ಬುದರೋಗವನ್ನು ತರುವುದೆಂಬುದು ಈಗ ನಿರ್ವಿವಾದವಾದ ವಿಷಯ. ಅನೇಕ ದೇಶಗಳು ಅದನ್ನು ನಿಷೇಧಿಸಿಬಿಟ್ಟಿವೆ. ದಿನವೂ ಮೊಳೆ ಹೊಡೆಯುವ, ರಂಧ್ರ ಕೊರೆಯುವ ಕೆಲಸದ ಮನೆಗೆ ಅಂಥ ಮಾಡು ತಕ್ಕುದಲ್ಲ. ಕಡೆಗೆ ಮಂಗಳೂರು ಹಂಚೇ ಗೆದ್ದಿತು. ೧೮೬೫ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದಂದಿನಿಂದ ನಮ್ಮ ಜಿಲ್ಲೆಯ ಮಳೆಯನ್ನು ಅದರಷ್ಟು ಚೆನ್ನಾಗಿ ಅರಿತ ಮಾಡು ಬೇರೊಂದಿಲ್ಲ. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಬಹುದು. ಬೆಳಕು ಬೇಕಾದಲ್ಲಿ ಒಂದು ಗಾಜಿನ ಹಂಚನ್ನು ಇಡಬಹುದು. ಒಂದು ಚದರ ಮೀಟರು ಮಾಡಿಗೆ ಸುಮಾರು ಹದಿನೈದು ಹಂಚುಗಳು ಹಿಡಿಯುತ್ತವೆ. ನಮಗೆ ೧,೪೦೦ ಬೇಕಾದುವು; ಅದರಲ್ಲಿ ಆರುನೂರರಷ್ಟು ಹಳೆಯ ಹಟ್ಟಿಯವೇ. ಅವುಗಳ ಪಾಚಿ ಕೆರೆದು ತೊಳೆದಾಗ ಹಿಂಬದಿಯ ಕಾರಖಾನೆಯ ಮುದ್ರೆ ನಿನ್ನೆ ಒತ್ತಿದಂತೆ ಕಂಡಿತು. ಹಟ್ಟಿಯ ಬೋಗಿಮರದ ಕಂಬಗಳೂ ಕೆಡದೆ ಉಳಿದಿದ್ದವು. ಅವನ್ನು ನೆಲದಲ್ಲಿ ಹೂಳದೆ ಮೊಣಕಾಲೆತ್ತರದ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದರು. ಗೆದ್ದಲು ಮಣ್ಣಿನಿಂದಲೇ ಹತ್ತಿ ಬರಬೇಕಷ್ಟೆ. ಕಲ್ಲಿನ ಮೇಲೆ ಅದು ಕಟ್ಟುವ ಮಣ್ಣಿನ ಕೊಳವೆ ಕಣ್ಣಿಗೆ ಬೀಳುತ್ತದೆ, ಒಂದು ಗೀರಿನಿಂದ ಒರಸಬಹುದು. ನಾವೂ ಕಂಬಗಳನ್ನು ಹಾಗೆಯೇ ನಿಲ್ಲಿಸಿದೆವು.

ಗೋಡೆಯನ್ನು ಮಾಡಿನವರೆಗೆ ಮುಚ್ಚದೆ ಮೇಲೆ ಒಂದಡಿಯನ್ನು ಸುತ್ತಲೂ ಮರದ ಜಾಲರಿಗೆ ಬಿಟ್ಟಿದ್ದೇವೆ. ಕಾರಿನ ಯಂತ್ರ ಉಗುಳುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವಿದೆ. ಅದು ರಕ್ತದೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಆಸಕ್ತಿಯಿಂದ ಕೂಡಿಕೊಳ್ಳುವುದರಿಂದ, ಮುಚ್ಚಿದ ಕೋಣೆಯಲ್ಲಿ ಯಂತ್ರವನ್ನು ಓಡಿಸುತ್ತ ರಿಪೇರಿ ಮಾಡುವವನು ತಲೆನೋವೆಂದುಕೊಳ್ಳುವಷ್ಟರಲ್ಲಿ ಎಚ್ಚರ ತಪ್ಪಿ ಬೀಳಬಹುದು. ಜಾಲರಿಯಿದ್ದರೂ ಬಾಗಿಲು ತೆರೆಯದೆ ಯಂತ್ರವನ್ನು ಚಾಲು ಮಾಡಬಾರದೆಂಬ ನಿಯಮವನ್ನು ಮನೆಯ ಹುಡುಗರಿಗೆ ಹಾಕಿದ್ದೇವೆ. ಮನೆಗೆ ತಗಲಿದ ಗ್ಯಾರೇಜಾದರೆ ಈ ವಾಯು ಮಲಗುವ ಕೋಣೆಗೂ ದಾರಿ ಹುಡುಕಿಕೊಳ್ಳುತ್ತದೆ; ಬೇರೆ ಕಟ್ಟುವುದರ ಒಂದು ದೊಡ್ಡ ಪ್ರಯೋಜನವೇ ಇದು.

ಈಗ ನಮ್ಮ ತಪ್ಪಿನ ವಿಚಾರಕ್ಕೆ ಬರೋಣ. ಮೇಸ್ತ್ರಿಯವರು ಪಂಚಾಂಗ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿರಬೇಕೆಂದರು. ಅಷ್ಟೆತ್ತರಕ್ಕೆ ಕಾರನ್ನು ಹತ್ತಿಸಲು ಉದ್ದವಾದ ಇಳಿಜಾರು ಬೇಕು, ಅದಕ್ಕೆ ಅಂಗಳ ಹಾಳಾಗುವುದು, ಖರ್ಚೂ ಹೆಚ್ಚುವುದು ಎಂದು ನಾವು ವಾದಿಸಿದೆವು. ಕೊನೆಗೆ ನಾಲ್ಕು ಅಂಗುಲಕ್ಕೆ ಒಪ್ಪಿಸಿದೆವು. ಅವರು ಒಪ್ಪಿದರೆಂದಲ್ಲ, ಸುಮ್ಮನಾದರು. ಉಗ್ರಾಣದ ನೆಲವನ್ನಾದರೂ ಎತ್ತರಿಸಬಹುದಾಗಿತ್ತು. ಒಂದೇ ಮಟ್ಟದಲ್ಲಿದ್ದರೆ ಸಾಮಾನು ಎಳೆಯಲು ಅನುಕೂಲವೆಂದು ಅದನ್ನೂ ಬಿಟ್ಟೆವು. ನೆಲಕ್ಕೆ ಒಂದಕ್ಕೆ ಎರಡು ಮರಳು ನಾಲ್ಕು ಜಲ್ಲಿಯ ಪ್ರಮಾಣದಲ್ಲಿ ನಾಲ್ಕಂಗುಲ ಕಾಂಕ್ರೀಟು ಹಾಕಿ ಹತ್ತು ದಿನ ನೀರು ನಿಲ್ಲಿಸಿ ಹದಗೊಳಿಸಿದೆವು. ನಿಲ್ಲಿಸಿದ ನೀರು ಎಲ್ಲಿಯೂ ಹರಿಯದೆ ಕನ್ನಡಿಯಂತೆ ನಿಂತುದನ್ನು ಕಂಡು ನೆಲ ಎಷ್ಟು ಸಮವಾಗಿ ಬಂದಿದೆಯೆಂದು ಹಿಗ್ಗಿದೆವು. ಅಡಿಗೆ ಕಾಲಂಗುಲದಂತೆ ಬಾಗಿಲ ಕಡೆಗೆ ವಾಟ ಕೊಡಬೇಕಾಗಿತ್ತೆಂಬುದು ಆಗ ಹೊಳೆಯಲಿಲ್ಲ.

ಮೇ ತಿಂಗಳ ಮಧ್ಯಕ್ಕೆ ಕೆಲಸ ಮುಗಿಯಿತು. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೊ ದ್ರಾವಣವನ್ನು ಸಿಂಪಡಿಸಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ ಆ ಚಿಕಿತ್ಸೆಯನ್ನು ರೂಢಿಗೆ ತಂದ ಮೇಲೆ ಮೈಲುತುತ್ತವೂ ಸುಣ್ಣವೂ ಇಲ್ಲದ ಅಡಿಕೆ ತೋಟದ ಮನೆಯಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ವರ್ಷ ತರಿಸಿದ ಸುಣ್ಣ ಅರಳಿಸದ, ಗಟ್ಟಿಯಾದ ಸುಟ್ಟ ಸುಣ್ಣ. ಗೋಣಿಯಲ್ಲಿ ಬಂದುದನ್ನು ಗೋಣಿಯಲ್ಲಿಯೇ ಹೊಸ ಉಗ್ರಾಣದ ನೆಲದ ಮೇಲೆ ಇಳಿಸಿದೆವು. ಅದಕ್ಕೆ ಎರಡು ಮೊಳ ದೂರದಲ್ಲಿ ಮರದ ಹಲಗೆಯ ಮೇಲೆ ಪೆಟ್ರೋಲಿನ ಡಬ್ಬಿ, ಬಣ್ಣ ತೆಳುಮಾಡುವ ಎಣ್ಣೆ, ಬಾಗಿಲುಗಳಿಗೆ ಅಗಸೆ ಎಣ್ಣೆ ಬಳಿದ ಬಟ್ಟೆಯ ಉಂಡೆಗಳು. ಮನೆಯ ಅಪಾಯಗಳನ್ನೆಲ್ಲ ಮನೆಯಿಂದ ಹೊರಗೆ ಸಾಗಿಸಿದೆವೆಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದೆವು.

೨೦೧೮ರ ಮೇ ೨೯ರಂದು ಮಂಗಳೂರು ನಗರ ಮಳೆಯಲ್ಲಿ ಮುಳುಗಿದುದು ಅನೇಕ ವಾಚಕರಿಗೆ ನೆನಪಿರಬಹುದು. ನಮ್ಮ ಕಡೆಯೂ ಅಂದು ಬೆಳಗಿನಿಂದ ಬಿಡುವಿಲ್ಲದೆ ಸುರಿಯಿತು. ಗುಡ್ಡದ ಇಳಿಜಾರಿನ ನೀರೆಲ್ಲ ಅಂಗಳಕ್ಕಿಳಿದು ನಾಲ್ಕಂಗುಲದ ಪಂಚಾಂಗವನ್ನು ಲೆಕ್ಕಿಸದೆ ಕಾರಿನ ಬಾಗಿಲ ಕೆಳಗಿನಿಂದ ಒಳನುಗ್ಗಿ, ನಾವು ಹೆಮ್ಮೆಪಟ್ಟ ಆ ಸಮನಾದ ನೆಲದ ಮೇಲೆ ಹರಡಿ ಹೊಸ್ತಿಲಿಲ್ಲದ ಉಗ್ರಾಣದೊಳಕ್ಕೆ ಹೋಯಿತು. ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಹಟ್ಟಿಯ ಜಾಲರಿಯಿಂದ ಬಿಳಿಯ ಹಬೆ ಏಳುವುದನ್ನು ಮನೆಯ ಹುಡುಗಿಯೊಬ್ಬಳು ಕಿಟಕಿಯಿಂದ ಕಂಡು ಕೂಗಿದಳು.

ಸುಟ್ಟ ಸುಣ್ಣಕ್ಕೆ ನೀರು ತಗಲಿದರೆ ಬಿಸಿಯೇಳುವುದೆಂಬುದನ್ನು ನಾವು ಚಿಕ್ಕಂದಿನಿಂದ ಬಲ್ಲೆವು. ಮನೆಗೆ ಸುಣ್ಣ ಬಳಿಯುವ ವರ್ಷ ಹಂಡೆಯಲ್ಲಿ ಅದು ಕೊತಕೊತ ಕುದಿಯುವುದನ್ನು ನೋಡುವುದು ಮಕ್ಕಳಿಗೆ ಹಬ್ಬವೇ. ಆದರೆ ಹಂಡೆಯಲ್ಲಿ ನೀರು ಬೇಕಾದಷ್ಟಿರುತ್ತದೆ. ಹುಟ್ಟಿದ ಬಿಸಿಯನ್ನು ಆ ನೀರೇ ನುಂಗುತ್ತದೆ. ಗೋಣಿಯ ತಳಕ್ಕೆ ಅರೆಬರೆ ನೀರು ಜಿನುಗಿದಾಗ ಆ ಬಿಸಿಗೆ ಹೋಗಲು ದಾರಿಯಿಲ್ಲ. ಅದು ಏರುತ್ತ ಏರುತ್ತ ಗೋಣಿಯನ್ನೂ ಮರವನ್ನೂ ಹೊತ್ತಿಸಬಲ್ಲದು. ನಾವು ಓಡಿಹೋದಾಗ ಗೋಣಿಯ ಒಂದು ಮಗ್ಗುಲು ಕಂದಾಗಿ, ಅಂಚು ಕಪ್ಪಾಗಿ, ಹೊಗೆಯಾಡುತ್ತಿತ್ತು. ಒಬ್ಬರು ಪೆಟ್ರೋಲಿನ ಡಬ್ಬಿಯನ್ನು ಎತ್ತಿಕೊಂಡು ಹೊರಗೋಡಿದರು. ಮತ್ತಿಬ್ಬರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಾರೆ ಗುದ್ದಲಿಗಳಿಂದ ಗೋಣಿಯನ್ನು ಅಂಗಳಕ್ಕೆ ಎಳೆದು ಹಾಕಿದರು. ಸುರಿಯುವ ಮಳೆಯಲ್ಲಿ ಅದು ಸಿಡಿಯುತ್ತ ಅರಳುತ್ತ ಸಂಜೆಯವರೆಗೂ ಬಿಸಿಯಾಗಿಯೇ ಇತ್ತು. ಒಬ್ಬರ ಮುಂಗೈ ಸುಟ್ಟಿತು, ಅಷ್ಟೆ. ಇದೇ ಗೋಣಿ ಹಿಂದಿನ ವರ್ಷದಂತೆ ಮನೆಯೊಳಗಿನ ಉಗ್ರಾಣದಲ್ಲಿದ್ದಿದ್ದರೆ ಎಂದು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಇನ್ನೊಂದು ಸಂಗತಿಯೂ ಅಷ್ಟೇ ಸ್ಪಷ್ಟವಾಗಿತ್ತು. ಅಪಾಯಗಳನ್ನು ಮನೆಯಿಂದ ದೂರ ಮಾಡುವ ಭರದಲ್ಲಿ ನಾವು ಅವುಗಳನ್ನು ಒಂದಕ್ಕೊಂದು ಹತ್ತಿರ ತಂದಿದ್ದೆವು.

ಮರುವಾರ ಮೇಸ್ತ್ರಿಯವರನ್ನು ಕರೆಸಿದೆವು. ಅವರು ‘ಅಂದೇ ಹೇಳಿದ್ದೆ’ ಎನ್ನಲಿಲ್ಲ. ಆ ದಾಕ್ಷಿಣ್ಯಕ್ಕೆ ನಾವು ಋಣಿಗಳು. ಕಟ್ಟಿದ ಕಟ್ಟಡವನ್ನು ಎತ್ತುವಂತಿಲ್ಲವಾದುದರಿಂದ ನೀರನ್ನೇ ಬೇರೆ ದಾರಿಗೆ ತಿರುಗಿಸಬೇಕಾಯಿತು. ಗುಡ್ಡದ ಮಗ್ಗುಲಿಗೆ ಒಂದೂವರೆ ಅಡಿ ಆಳದ ಕಲ್ಲಿನ ಚರಂಡಿ ಕಟ್ಟಿ ತೋಟದ ತೋಡಿಗೆ ಸೇರಿಸಿದೆವು. ಕಾರಿನ ಬಾಗಿಲ ಮುಂದೆ ಅಡ್ಡಲಾಗಿ ಇನ್ನೊಂದು ಚರಂಡಿ, ಅದರ ಮೇಲೆ ಕಬ್ಬಿಣದ ಜಾಲರಿ. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಉಗ್ರಾಣದ ನೆಲವನ್ನು ಒಂಬತ್ತು ಅಂಗುಲ ಎತ್ತರಿಸಿ, ಕಾರಿನ ಭಾಗದ ನೆಲಕ್ಕೆ ವಾಟ ಕೊಟ್ಟು ಮೇಲ್ಪದರ ಹಾಕಿಸಿದೆವು. ಮೊದಲೇ ಮಾಡಿದ್ದರೆ ಆಗುತ್ತಿದ್ದ ಖರ್ಚಿಗೆ ಎರಡರಷ್ಟು ತಗಲಿತು.

ಮಾಡಿನ ನೀರಿನ ಮೊತ್ತ ಎಷ್ಟೆಂಬುದನ್ನೂ ಆಗಲೇ ಲೆಕ್ಕ ಹಾಕಿ ನೋಡಿದ್ದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಎರಡೂವರೆ ಅಡಿಯ ಚಾಚು ಸೇರಿ ನಮ್ಮ ಹಟ್ಟಿಯ ಮಾಡು ನೆಲದ ಅಳತೆಯಲ್ಲಿ ೮೦ ಚದರ ಮೀಟರು. ನೂರು ಮಿಲಿಮೀಟರು ಮಳೆ ಬೀಳುವ ದಿನ ನಮ್ಮಲ್ಲಿ ಅಪರೂಪವಲ್ಲ. ಅಂದು ಈ ಮಾಡೊಂದರಿಂದಲೇ ಎಂಟು ಸಾವಿರ ಲೀಟರು ನೀರು ಪಾಯದ ಬುಡಕ್ಕೆ ಧುಮುಕುತ್ತದೆ. ನಾಲ್ಕು ಸಾವಿರ ಮಿಲಿಮೀಟರಿನ ವರ್ಷದಲ್ಲಿ ಮೂರು ಲಕ್ಷ ಲೀಟರಿಗೂ ಹೆಚ್ಚು. ಈಗ ದಂಬೆ ಕಟ್ಟಿಸಿ ಅದನ್ನು ಬಾವಿಯ ಬಳಿಯ ಇಂಗುಗುಂಡಿಗೆ ಬಿಟ್ಟಿದ್ದೇವೆ.

ಉಗ್ರಾಣದೊಳಗೆ ಈಗ ಪ್ರತಿಯೊಂದಕ್ಕೂ ಬೇರೆ ಸ್ಥಾನ. ಸುಣ್ಣ ಮುಚ್ಚಳವುಳ್ಳ ಪ್ಲಾಸ್ಟಿಕ್ ಪೀಪಾಯಿಯಲ್ಲಿ, ಕಲ್ಲಿನ ಜಗಲಿಯ ಮೇಲೆ. ಪೆಟ್ರೋಲು ಹೊರಗೋಡೆಯಲ್ಲಿ ಕಟ್ಟಿಸಿದ ಗೂಡಿನಲ್ಲಿ, ಬಿಗಿಯಾದ ಬಿರಡೆಯ ಲೋಹದ ಡಬ್ಬಿಯೊಳಗೆ. ಗೂಡಿನ ಬಾಗಿಲ ತಳದಲ್ಲಿ ಆವಿ ಹೊರಹೋಗಲು ರಂಧ್ರಗಳಿವೆ. ೧೯೩೪ರ ಪೆಟ್ರೋಲಿಯಂ ಕಾಯಿದೆಯಂತೆ ಮಾರಾಟಕ್ಕಲ್ಲದೆ ಸ್ವಂತಕ್ಕಾಗಿ ಮೂವತ್ತು ಲೀಟರಿನವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ನಾವು ಐದು ಲೀಟರಿಗಿಂತ ಹೆಚ್ಚು ತರುವುದಿಲ್ಲ. ಅಗಸೆ ಎಣ್ಣೆ ಬಳಿದ ಬಟ್ಟೆಯನ್ನು ಉಂಡೆಮಾಡಿ ಎಸೆಯುವ ಅಭ್ಯಾಸವನ್ನು ಬಿಟ್ಟೆವು. ಆ ಎಣ್ಣೆ ಒಣಗುವಾಗ ತಾನಾಗಿ ಬಿಸಿಯನ್ನು ಹುಟ್ಟಿಸಿ, ಮುದ್ದೆಯಾಗಿದ್ದರೆ ಕಿಡಿಯಿಲ್ಲದೆಯೇ ಹತ್ತಿಕೊಳ್ಳುವುದುಂಟು. ಈಗ ಅಂಥ ಬಟ್ಟೆಯನ್ನು ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸಿ ಆಮೇಲೆ ಹಾಕುತ್ತೇವೆ. ಮೈಲುತುತ್ತಕ್ಕೂ ಇತರ ಔಷಧಗಳಿಗೂ ಬೀಗದ ಕಪಾಟು. ಬೀಗದಕೈ ತಾಯಿಯವರ ಬಳಿ. ಇದು ಮಕ್ಕಳ ದೃಷ್ಟಿಯಿಂದ ಮಾತ್ರವಲ್ಲ. ಮೈಲುತುತ್ತದ ನೀರು ಕಬ್ಬಿಣವನ್ನು ತಿಂದು ಅದರ ಮೇಲೆ ತಾಮ್ರವನ್ನು ಕೂರಿಸುತ್ತದೆ. ಅದರ ಧೂಳು ತೇವದ ಗಾಳಿಯಲ್ಲಿ ಹತಾರಗಳ ಮೇಲೆ ಕುಳಿತರೂ ಹಾನಿಯೇ. ಅಜ್ಜನ ಕಾಲದ ಉಳಿಗಳು ಹಳೆಯ ಉಗ್ರಾಣದಲ್ಲಿ ಹಾಗೆ ತುಕ್ಕು ಹಿಡಿದುದರ ಕಾರಣ ನಮಗೆ ಅಷ್ಟು ತಡವಾಗಿ ತಿಳಿಯಿತು.

ಕೈಕೆಲಸದ ಭಾಗದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇವೆ. ಉತ್ತರದ ಗೋಡೆಗೆ ದೊಡ್ಡ ಕಿಟಕಿ, ಅದರ ಕೆಳಗೆ ಎರಡಂಗುಲ ದಪ್ಪದ ಹಲಸಿನ ಹಲಗೆಯ ಮೇಜು. ಉತ್ತರದ ಬೆಳಕಿನಲ್ಲಿ ಕೈಯ ನೆರಳು ಕೆಲಸದ ಮೇಲೆ ಬೀಳದು. ನೆಟ್ಟಗೆ ನಿಂತು ತೋಳನ್ನು ಇಳಿಬಿಟ್ಟಾಗ ಮಣಿಕಟ್ಟು ಬರುವಷ್ಟು ಎತ್ತರಕ್ಕೆ ಮೇಜಿದ್ದರೆ ಸೊಂಟ ನೋಯದು. ಇದನ್ನು ಮಾಡಿಕೊಟ್ಟ ಬಡಗಿಯವರು ಮಾತ್ರ ಮೇಜಿನ ಬಳಿ ನಿಲ್ಲಲೇ ಇಲ್ಲ. ನೆಲದಲ್ಲಿ ಕುಳಿತು ಹಲಗೆಯನ್ನು ಕಾಲ್ಬೆರಳುಗಳಿಂದ ಹಿಡಿದು, ನಾವು ಇಕ್ಕಳದಲ್ಲಿ ಬಿಗಿದು ಮಾಡುವುದಕ್ಕಿಂತ ನೇರವಾಗಿ ಕೀಸಿದರು. ವಿದ್ಯುತ್ತಿನ ತಂತಿಯನ್ನು ಮನೆಯಿಂದ ನೆಲದಡಿಯ ಕೊಳವೆಯಲ್ಲಿ ತಂದು, ಹಟ್ಟಿಗೇ ಬೇರೆ ಭೂಸಂಪರ್ಕವನ್ನೂ, ಮೂವತ್ತು ಮಿಲಿ ಆಂಪಿಯರು ಸೋರಿದರೆ ತಾನೇ ಕಡಿದುಕೊಳ್ಳುವ ಗುಂಡಿಯನ್ನೂ ಇಡಿಸಿದೆವು. ಒದ್ದೆ ಕಾಲಿನಲ್ಲಿ ಯಂತ್ರ ಹಿಡಿಯುವ ಊರಿನಲ್ಲಿ ಇದಕ್ಕೆ ಜಿಪುಣತನ ಮಾಡಬಾರದು. ಹತಾರಗಳಿಗೆ ಹಚ್ಚಲು ತೆಂಗಿನೆಣ್ಣೆ ಒದಗದು, ಹಳತಾದಂತೆ ಕಮಟಾಗುತ್ತದೆ. ಯಂತ್ರದ ಎಣ್ಣೆಯೇ ಸರಿ. ಅವನ್ನು ಗೋಡೆಗೆ ತಗಲಿಸದೆ ಮರದ ಚೌಕಟ್ಟಿನಲ್ಲಿ ತೂಗುಹಾಕಿದ್ದೇವೆ.

ಖರ್ಚಿನ ಲೆಕ್ಕವನ್ನು ಬರೆಯುವುದಿಲ್ಲ. ಕಲ್ಲು ಸಿಮೆಂಟುಗಳ ದರ ಈ ಲೇಖನ ಅಚ್ಚಾಗುವುದರೊಳಗೆ ಬದಲಾದೀತು.

ಆ ಬಳಿಕ ಹಲವು ಮಳೆಗಾಲಗಳು ಕಳೆದಿವೆ. ಚರಂಡಿಯ ಜಾಲರಿಗೆ ಹಲಸಿನ ಎಲೆ ಕಟ್ಟಿಕೊಳ್ಳುವುದರಿಂದ ಮೇ ಕೊನೆಯಲ್ಲಿ ಒಂದು ಸಲ, ಜೂನಿನಲ್ಲಿ ವಾರಕ್ಕೊಂದು ಸಲ ಅದನ್ನು ಬಿಡಿಸಬೇಕು. ಅಜ್ಜನ ಉಳಿಗಳಲ್ಲಿ ಮೂರನ್ನು ಸಾಣೆ ಹಿಡಿದು ಉಳಿಸಿಕೊಂಡೆವು. ಎರಡು ತೀರ ಹೋಗಿದ್ದವು. ಕಾರಿನ ಭಾಗದ ಮೂಲೆಯಲ್ಲಿ ಹಳೆಯ ಹಟ್ಟಿಯ ಒಂದು ದನ ಕಟ್ಟುವ ಕಲ್ಲುಗೂಟವನ್ನು ಮೇಸ್ತ್ರಿಯವರು ಕೀಳದೆ ಬಿಟ್ಟಿದ್ದಾರೆ. ಕಾರನ್ನು ಹಿಂದಕ್ಕೆ ತಿರುಗಿಸುವಾಗ ಅದು ಅಡ್ಡಬರುತ್ತದೆ. ತೆಗೆಸೋಣವೆಂದು ನಾವು ಎರಡು ಸಲ ಹೇಳಿದೆವು. ಇನ್ನೊಂದು ಹಸು ತರುವ ವಿಚಾರ ತಾಯಿಯವರ ಮನಸ್ಸಿನಲ್ಲಿದೆಯಾದುದರಿಂದ ಅದು ಇನ್ನೂ ಅಲ್ಲಿಯೇ ಇದೆ.